ಉಬ್ಬಿದ ಓಸ್ತಿ

ಹದಿನೆಂಟು ವರ್ಷ ನನ್ನ ಕೈಯ ಹಿಟ್ಟು ಉಬ್ಬಲಿಲ್ಲ. ಅದಕ್ಕಾಗಿಯೇ ನನಗೆ ಇಗರ್ಜಿಯಲ್ಲಿ ಕೆಲಸ ಸಿಕ್ಕಿದ್ದು. ಬೇರೆ ಊರುಗಳ ಕಥೆ ನನಗೆ ಗೊತ್ತಿಲ್ಲ, ನಮ್ಮೂರಿನಲ್ಲಿ ಮನಸ್ಸಿನೊಳಗೆ ಒಬ್ಬರನ್ನು ಇಟ್ಟುಕೊಂಡವರು ಹಿಟ್ಟು ಮುಟ್ಟಿದರೆ ಅದು ಉಬ್ಬುತ್ತದೆ. ಸೋಡಾ ಬೇಡ, ಕಳ್ಳು ಬೇಡ, ರಾತ್ರಿಯಿಡೀ ನೆನೆಯಬೇಕೆಂದೂ ಇಲ್ಲ. ಹೊಸದಾಗಿ ಮದುವೆಯಾದವರು ದೋಸೆ ಹುಯ್ದರೆ ಪೂರಿ ಏಳುತ್ತದೆ, ಹಪ್ಪಳ ಒಣಗಿಸಿದರೆ ಒಂದೊಂದರ ಮೇಲೂ ಕಲ್ಲು ಹೇರಬೇಕಾಗುತ್ತದೆ. ಹರೆಯದ ಮಕ್ಕಳಿರುವ ತಾಯಂದಿರು ಮಕ್ಕಳ ಮುಖ ನೋಡಿ ಅನುಮಾನಪಡುವುದಿಲ್ಲ. ಅಡುಗೆಮನೆಗೆ ಕರೆದು, "ಒಂದು ಚಪಾತಿ ಬೇಯಿಸು ಮಗಾ" ಎನ್ನುತ್ತಾರೆ, ಅಷ್ಟೇ.

ಮದುವೆ ಗೊತ್ತಾದ ಇಬ್ಬರು ಇಗರ್ಜಿಯ ಮೊಗಸಾಲೆಯಲ್ಲಿ ಊರವರೆದುರು ಒಂದೇ ಪರಾತದಲ್ಲಿ ಕೈಯಿಟ್ಟು ಹಿಟ್ಟು ನಾದಿ ರೊಟ್ಟಿ ಸುಡಬೇಕು. ಇದಕ್ಕೆ ಉಬ್ಬುರೊಟ್ಟಿ ಎಂದು ಹೆಸರು. ರೊಟ್ಟಿ ಉಬ್ಬಿದರೆ ಫಾದರ್ ಮೂರು ಭಾನುವಾರ ಪೂಜೆಯಲ್ಲಿ ಇಬ್ಬರ ಹೆಸರು ಓದಿ ಮದುವೆ ಮಾಡಿಸುತ್ತಾರೆ. ಉಬ್ಬದಿದ್ದರೆ ಎರಡು ಕಡೆಯವರೂ ಕಾಫಿ ಕುಡಿದು ತಮ್ಮತಮ್ಮ ಮನೆಗೆ ಹೋಗುತ್ತಾರೆ. ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಗೆಯೇ ಆಯಿತು. ಹುಡುಗ ಒಳ್ಳೆಯವನೇ, ಹಲ್ಲು ಬೆಳ್ಳಗಿದ್ದವು, ಆದರೆ ಅವನಿಗೆ ನನ್ನ ಮೇಲೆ ಮನಸ್ಸಿರಲಿಲ್ಲ, ನನಗೆ ಅವನ ಮೇಲೆ ಇರಲಿಲ್ಲ. ನಮ್ಮ ರೊಟ್ಟಿ ಮಕ್ಕಳ ಸ್ಲೇಟಿನ ಹಾಗೆ ಬಿದ್ದುಕೊಂಡಿತ್ತು. ಅಮ್ಮ ಅತ್ತಳು. ನಾನು ಎರಡು ಲೋಟ ಕಾಫಿ ಕುಡಿದೆ.

ಮರುವಾರವೇ ಫಾದರ್ ಬಲ್ತಜಾರ್ ಮನೆಗೆ ಬಂದು ನನಗೆ ಓಸ್ತಿ ಸುಡುವ ಕೆಲಸ ಕೊಟ್ಟರು. ಓಸ್ತಿ ಎಂದರೆ ಪೂಜೆಯ ಬಿಳಿ ರೊಟ್ಟಿ. ಪೀಠದ ಮೇಲೆ ಫಾದರ್ ಎತ್ತಿ ಹಿಡಿದು ಪ್ರಾರ್ಥಿಸಿದ ಮೇಲೆ ಅದು ಪ್ರಭುವಿನ ಶರೀರ, ಅದಕ್ಕೆ ಮೊದಲು ಬರೀ ಗೋಧಿ ಮತ್ತು ನೀರು. ಹುಳಿ ಸೇರಬಾರದು, ಕಾಗದದಷ್ಟು ತೆಳ್ಳಗಿರಬೇಕು. ಹಾಗಾಗಿ ನಮ್ಮೂರಿನಲ್ಲಿ ಆ ಕೆಲಸಕ್ಕೆ ಯಾರ ಮೇಲೂ ಮನಸ್ಸಿಲ್ಲದವರೇ ಬೇಕು, ಅಂಥವರು ಸುಲಭಕ್ಕೆ ಸಿಗುವುದಿಲ್ಲ. ವಿಧವೆಯರನ್ನು ಇಟ್ಟುಕೊಳ್ಳೋಣವೆಂದರೆ ಗಂಡ ಸತ್ತ ಮೇಲೂ ಕೆಲವರ ರೊಟ್ಟಿ ಉಬ್ಬುತ್ತಲೇ ಇರುತ್ತದೆ. ಇನ್ನು ಕೆಲವರದು ಗಂಡ ಸತ್ತ ಮೇಲೆಯೇ ಉಬ್ಬಲು ತೊಡಗುತ್ತದೆ.

ನನಗೆ ಆ ಕೆಲಸ ಇಷ್ಟವಾಗಿತ್ತು, ಇದನ್ನು ಸುಮ್ಮನೆ ಹೇಳುತ್ತಿಲ್ಲ. ಉದ್ದ ಕೈಗಳ ಕಬ್ಬಿಣದ ಇಕ್ಕಳ, ಅದರ ತುದಿಗೆ ಶಿಲುಬೆ ಕೆತ್ತಿದ ಎರಡು ಬಿಲ್ಲೆ. ಬಿಲ್ಲೆಗಳ ನಡುವೆ ತೆಳುಹಿಟ್ಟು ಸುರಿದು, ಮುಚ್ಚಿ, ಬೆಂಕಿಯ ಮೇಲೆ ಹಿಡಿದು ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಓಸ್ತಿ ಬೆಂದಿರುತ್ತದೆ. ವಾರಕ್ಕೆ ನಾನೂರು ಓಸ್ತಿ, ನಾನೂರು ನಮೋ ಮರಿಯಾ. ಭಾನುವಾರ ಊರಿಗೆ ಊರೇ ಸಾಲು ನಿಂತು ಅದನ್ನು ಪರಮಪ್ರಸಾದವಾಗಿ ಸ್ವೀಕರಿಸುವಾಗ ನಾನೂ ನಿಲ್ಲುತ್ತಿದ್ದೆ. ನಾನು ಮಾಡಿದ್ದನ್ನು ದೇವರು ತನ್ನದಾಗಿ ಮಾಡಿಕೊಂಡು ನನಗೇ ತಿನ್ನಿಸುತ್ತಾನಲ್ಲ ಎಂದು ಪ್ರತಿ ವಾರ ಹೊಸದಾಗಿ ಖುಷಿಯಾಗುತ್ತಿತ್ತು. ಗಂಡನಿಲ್ಲ ಎಂದು ಜನ ಅಯ್ಯೋ ಅನ್ನುವಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು.

ಹೀಗಿರುವಾಗ ಇಕ್ಕಳದ ತಿರುಗಣೆ ಸವೆದುಹೋಯಿತು. ಅದನ್ನು ಸರಿಮಾಡಲು ಹೊಳೆಬದಿಯ ವೆಲ್ಡಿಂಗ್ ಶೆಡ್ಡಿನಿಂದ ರುಫೀನಾ ಬಂದಳು. ದೋಣಿಗಳ ಮೋಟಾರು ಬಿಚ್ಚಿ ಕಟ್ಟುವ ಹೆಂಗಸು, ನನಗಿಂತ ಎರಡು ವರ್ಷ ಚಿಕ್ಕವಳು, ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟಿದ್ದಳು. ಇಕ್ಕಳ ತಿರುಗಿಸಿ ನೋಡಿ, "ಬೆಂದದ್ದು ಹೇಗೆ ಗೊತ್ತಾಗ್ತದೆ ನಿಮಗೆ?" ಎಂದು ಕೇಳಿದಳು.

"ಒಂದು ನಮೋ ಮರಿಯಾ ಹೇಳ್ಬೇಕು."

"ಬೇಗ ಬೇಗ ಹೇಳಿದ್ರೆ?"

"ಹಸಿ ಉಳೀತದೆ."

"ಆಕಳಿಸ್ತಾ ಹೇಳಿದ್ರೆ?"

"ಸೀದುಹೋಗ್ತದೆ."

"ಅಯ್ಯೋ ದೇವ್ರೇ, ಇಷ್ಟು ವರ್ಷ ನಾನು ತಿಂದದ್ದೆಲ್ಲ ನಿಮ್ಮ ಆಕಳಿಕೆಯಾ!" ಎಂದು ಅವಳು ನಕ್ಕಳು. ಆ ನಗುವಿಗೆ ಕಪಾಟಿನಲ್ಲಿದ್ದ ಗಾಜಿನ ಭರಣಿ ಗಣಗಣ ಅಂದಿತು. ಮುಂದಿನ ವಾರ ತಿರುಗಣೆ ಸರಿಯುಂಟಾ ನೋಡಲು ಬಂದಳು. ಅದರ ಮುಂದಿನ ವಾರ ಎಣ್ಣೆ ಹಾಕಲು ಬಂದಳು. ನಾಲ್ಕನೆಯ ಸಲ ಎಣ್ಣೆ ಹಾಕಿದ ಮೇಲೆ ಓಸ್ತಿಗೇ ಮೋಟಾರಿನ ವಾಸನೆ ಹತ್ತಿತು, ಆಮೇಲೆ ಅವಳು ನೆಪ ಹೇಳದೆಯೇ ಬರತೊಡಗಿದಳು. ನಾನು ಶುಕ್ರವಾರ ಬೆಳಿಗ್ಗೆ ಮೂರು ಸಲ ತಲೆ ಬಾಚಿಕೊಳ್ಳತೊಡಗಿದೆ.

ಒಂದು ಶುಕ್ರವಾರ ನಾನು ಇಕ್ಕಳ ಹಿಡಿದು ಅರ್ಧ ನಮೋ ಮರಿಯಾ ಹೇಳಿದ್ದೆನೋ ಇಲ್ಲವೋ, ಬಿಲ್ಲೆಗಳು ತಾವಾಗಿಯೇ ಬಾಯಿ ಬಿಟ್ಟವು. ಒಳಗೆ ಬೋಂಡಾದಷ್ಟು ದಪ್ಪದ ಓಸ್ತಿ, ಅದರ ನೆತ್ತಿಯ ಮೇಲೆ ಪುಟ್ಟ ಶಿಲುಬೆ.

"ಇದೆಂತ ನಿನ್ನ ರಿಪೇರಿ?" ಎಂದೆ.

"ನನ್ನ ರಿಪೇರಿ ಸರಿ ಉಂಟು" ಎಂದಳು ರುಫೀನಾ. ಮುಖ ಕೆಂಪಾಗಿತ್ತು. "ಹದಿನೈದು ದಿನದಿಂದ ನಾನು ಮನೆಯ ಮಾಡಿಗೆ ಅಂಟಿದ ದೋಸೆಯನ್ನು ಏಣಿ ಹಾಕಿ ಕೆರೆದು ತಿನ್ತಾ ಇದ್ದೇನೆ. ನಿನಗೆ ಹೇಳುವುದು ಹೇಗೆ ಅಂತ ನೋಡ್ತಿದ್ದೆ."

ಇಬ್ಬರೂ ಓಸ್ತಿಯನ್ನು ನೋಡಿದೆವು, ಒಬ್ಬರನ್ನೊಬ್ಬರು ನೋಡಿದೆವು, ನಗತೊಡಗಿದೆವು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಳಿತು ನಕ್ಕೆವು. ನನ್ನ ನಲವತ್ತನೆಯ ವಯಸ್ಸಿನಲ್ಲಿ, ಹಿಟ್ಟಿನ ಕೈಯಲ್ಲೇ, ನಾನು ಮೊದಲ ಬಾರಿ ಒಬ್ಬರ ಕೆನ್ನೆ ಹಿಡಿದೆ. ಪ್ರೀತಿ ಎಂದರೆ ಇದೇ ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ. ಹೆದರಿಕೆ ಬಂದದ್ದು ಆಮೇಲೆ, ಬುಟ್ಟಿ ತುಂಬ ಉಬ್ಬಿದ ಓಸ್ತಿ ಇಟ್ಟುಕೊಂಡು ಭಾನುವಾರಕ್ಕೆ ಏನು ಮಾಡುವುದೆಂದು ಕುಳಿತಾಗ.

ಮಾಡುವುದನ್ನೆಲ್ಲ ಮಾಡಿದೆ. ಲಟ್ಟಣಿಗೆಯಿಂದ ಒತ್ತಿದೆ. ಎರಡು ಹಲಗೆಯ ನಡುವೆ ಇಟ್ಟು ಮೇಲೆ ಕುಳಿತೆ. ಕೊನೆಗೆ ಮನೆಯಲ್ಲಿದ್ದ ಅತಿ ಭಾರದ ವಸ್ತು, ಧರ್ಮೋಪದೇಶದ ದಪ್ಪ ಪುಸ್ತಕ, ಅದನ್ನೇ ಹೇರಿದೆ. ಬೆಳಿಗ್ಗೆ ನೋಡಿದರೆ ಪುಸ್ತಕ ಒಂದು ಗೇಣು ಮೇಲೆದ್ದು ಕುಳಿತಿತ್ತು. ಆ ಭಾನುವಾರ ಫಾದರ್ ಪ್ರಸಾದಪಾತ್ರೆಯ ಮುಚ್ಚಳ ತೆಗೆಯಬೇಕಾಗಿಯೇ ಬರಲಿಲ್ಲ, ಅದು ತಾನಾಗಿಯೇ ಉರುಳಿ ಮೆಟ್ಟಿಲಿಳಿಯಿತು. ಓಸ್ತಿಗೆ ಹಲ್ಲು ತಾಗಿಸಬಾರದು, ನಾಲಗೆಯ ಮೇಲೆ ಕರಗಬೇಕು ಎಂದು ನಾವು ಚಿಕ್ಕಂದಿನಲ್ಲೇ ಕಲಿತವರು. ಇಗರ್ಜಿಯ ವ್ಯವಹಾರವೆಲ್ಲ ನೋಡಿಕೊಳ್ಳುವ ಲಿಗೋರಿ ಗುರ್ಕಾರರು ಊರಿನಲ್ಲೇ ದೊಡ್ಡ ಗಂಟಲಿನ ಹಾಡುಗಾರರು. ಅವತ್ತು ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಹೊರಳಿಸುತ್ತ, ಒಂದು ಸಾಲೂ ಹಾಡಲಾಗದೆ ನಿಂತಿದ್ದರು. ಜನಕ್ಕೆ ಪೂಜೆ ಮುಗಿಯುವವರೆಗೆ ತಡೆಯುವುದೇ ಕಷ್ಟವಾಯಿತು.

ಹೊರಗೆ ಬಂದರೆ ಹಬ್ಬ. "ದುಲ್ಸಿನ್ ಬಾಯಿಗೆ ಯಾರೋ ಸಿಕ್ಕಿದ್ದಾರೆ!" ಹೆಂಗಸರು ನನ್ನ ಗಲ್ಲ ಹಿಂಡಿದರು. ಯಾರು, ಯಾರು, ಯಾರು? ನಮ್ಮೂರಿನಲ್ಲಿ ಹಿಟ್ಟು ಉಬ್ಬಿದರೆ ಎಲ್ಲರೂ ಕೇಳುವ ಪ್ರಶ್ನೆ ಅದೊಂದೇ. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ನಾನು ಹೇಳದಿದ್ದಾಗ ಊರೇ ಹೇಳಿತು. ಇಗರ್ಜಿಯ ಬಾಗಿಲಲ್ಲಿ ಮೇಣದ ಬತ್ತಿ ಮಾರುವ ವಿತೋರಣ್ಣ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಹಿಂದಿನ ತಿಂಗಳು ನನ್ನ ಗೋಧಿ ಚೀಲ ಹೊತ್ತು ತಂದುಕೊಟ್ಟಿದ್ದ. ಅಷ್ಟು ಸಾಕಾಯಿತು.

"ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು" ಎಂದರು ಲಿಗೋರಿ ಗುರ್ಕಾರರು, ಬಾಯಿ ಬರಿದಾದ ಮೇಲೆ. "ಇಬ್ಬರಿಗೂ ಒಳ್ಳೇದಾಯ್ತು. ಬರುವ ಭಾನುವಾರವೇ ಉಬ್ಬುರೊಟ್ಟಿ ಮಾಡಿಸುವಾ."

ಗುರ್ಕಾರರ ಹೆಂಡತಿ ಸೆಲೆಸ್ತಿನಕ್ಕ, "ಹೆಣ್ಣಿನ ಹತ್ರ ಒಂದು ಮಾತು ಕೇಳ್ಬಾರ್ದಾ?" ಎಂದಳು. ಕೇಳಲಿಲ್ಲ.

ಪಾಪ ವಿತೋರಣ್ಣ, ಹೊಸ ಅಂಗಿ ಹೊಲಿಸಿದ. ನನ್ನನ್ನು ಕಂಡರೆ ಬತ್ತಿಗಳನ್ನು ಕೈಯಿಂದ ಬೀಳಿಸತೊಡಗಿದ. ನಾನು ಬಾಯಿ ಬಿಟ್ಟು ಬೇಡವೆಂದರೆ ಮುಂದಿನ ಪ್ರಶ್ನೆ ಮತ್ತೆ ಯಾರು ಎಂಬುದೇ. ರುಫೀನಾ ಮಾತ್ರ, "ಮಾಡು ಮಾರಾಯ್ತಿ, ನಿನ್ನ ಕೈ ಒಂದಿದ್ರೆ ಸಾಕು ಉಬ್ಬುತ್ತದೆ. ಮಜಾ ನೋಡುವಾ" ಎಂದು ನನ್ನನ್ನು ತಳ್ಳಿದಳು. ಮಜಾ ನೋಡಿದೆವು. ಪರಾತದ ಎರಡು ಬದಿಯಲ್ಲಿ ನಾನೂ ವಿತೋರಣ್ಣನೂ ಕೈಯಿಟ್ಟೆವು. ಕಂಬಕ್ಕೆ ಒರಗಿ ನಿಂತಿದ್ದ ರುಫೀನಾಳನ್ನು ಒಮ್ಮೆ ನೋಡಿದೆನಷ್ಟೇ, ಹಿಟ್ಟು ದುಸ್ಸೆಂದು ಮೇಲೆದ್ದು ಪರಾತದಿಂದ ಹೊರಬಿದ್ದು ಗುರ್ಕಾರರ ಚಪ್ಪಲಿಯನ್ನು ಮುಚ್ಚಿತು. ಬ್ಯಾಂಡಿನವರು ಬಾರಿಸಿಯೇ ಬಿಟ್ಟರು. ಹಿಟ್ಟು ಉಬ್ಬುತ್ತದೆಯೇ ಹೊರತು ಯಾರಿಗಾಗಿ ಎಂದು ಹೆಸರು ಬರೆದು ತೋರಿಸುವುದಿಲ್ಲ. ಇಷ್ಟು ವರ್ಷ ನಮ್ಮೂರಿನ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಮೊದಲ ಭಾನುವಾರ ನಮ್ಮ ಹೆಸರು ಓದಿದರು, ಮದುಮಗಳ ಕೈಯದ್ದೆಂದು ಊರು ನನ್ನ ಉಬ್ಬಿದ ಓಸ್ತಿಯನ್ನು ಕೆನ್ನೆಯಲ್ಲಿಟ್ಟು ನಗುತ್ತಲೇ ಕರಗಿಸಿತು. ರುಫೀನಾ ನಕ್ಕಳು. ಎರಡನೆಯ ಭಾನುವಾರ ಓದಿದರು. ರುಫೀನಾ ನಗಲಿಲ್ಲ. ಆ ವಾರ ಶೆಡ್ಡಿಗೆ ಹೋದರೆ ಅವಳು ಗ್ಯಾಸಿನ ಸಿಲಿಂಡರಿಗೆ ಹಗ್ಗ ಬಿಗಿಯುತ್ತಿದ್ದಳು.

"ಆಚೆ ದಡದಲ್ಲಿ ನನಗೆ ಕೆಲಸ ಉಂಟು" ಎಂದಳು. "ಬರ್ತೀಯಾದ್ರೆ ಬಾ. ಅಲ್ಲಿ ಯಾರ ಹಿಟ್ಟೂ ಉಬ್ಬುವುದಿಲ್ಲ, ಯಾರೂ ಕೇಳುವುದಿಲ್ಲ. ವಿತೋರಣ್ಣನ ಅಂಗಿಗೆ ಗುಂಡಿ ಹಚ್ಚಿಕೊಂಡು ಇರ್ತೀಯಾದ್ರೆ ಇರು."

"ನನಗೆ ನೀನೂ ಬೇಕು, ಇಗರ್ಜಿಯೂ ಬೇಕು" ಎಂದೆ.

"ಎರಡೂ ಬೇಕಂತೆ! ಒಂದೇ ತಟ್ಟೆಯಲ್ಲಿ ಬಡಿಸ್ತಾರಾ ನಿನಗೆ?" ಎಂದು ಅವಳು ಕಣ್ಣೊರೆಸಿಕೊಂಡಳು.

ಮೂರನೆಯ ಭಾನುವಾರ ಫಾದರ್ ಹೆಸರು ಓದಿ, ಪದ್ಧತಿಯಂತೆ, "ಈ ಮದುವೆಗೆ ಅಡ್ಡಿಯಿರುವುದು ಯಾರಿಗಾದರೂ ತಿಳಿದಿದ್ದರೆ ಹೇಳಬೇಕು" ಎಂದರು. ಹಾಗೆ ಕೇಳಿದಾಗ ಯಾರೂ ಏನೂ ಹೇಳುವುದಿಲ್ಲ, ಅದೂ ಪದ್ಧತಿಯೇ. ನನ್ನ ಕಾಲು ನನ್ನನ್ನು ಕೇಳದೆ ಎದ್ದು ನಿಂತಿತು.

"ಅಡ್ಡಿ ಉಂಟು ಫಾದರ್."

"ಯಾರದ್ದು?"

"ನನ್ನದೇ. ವಿತೋರಣ್ಣ ಒಳ್ಳೆಯವರು. ಆದ್ರೆ ಹುಟ್ಟಿದಾಗಿನಿಂದ ಅಣ್ಣ ಅಂತ ಕರೆದ ಬಾಯಿ ಇದು. ಹಿಟ್ಟು ಉಬ್ಬಿದ್ದು ಅವರಿಗಲ್ಲ, ರುಫೀನಾಳಿಗೆ."

ಗುರ್ಕಾರರು, "ರುಫೀನಾ ಅಂದ್ರೆ ವೆಲ್ಡಿಂಗ್ ರುಫೀನಾಳಾ?" ಎಂದರು, ಊರಿನಲ್ಲಿ ಹತ್ತು ರುಫೀನಾಗಳು ಇದ್ದ ಹಾಗೆ. ಹಿಂದಿನ ಬೆಂಚಿನಿಂದ ರುಫೀನಾ ಎದ್ದು, "ಹೌದು, ನಾನೇ, ನನ್ನದೂ ಉಬ್ಬುತ್ತದೆ" ಎಂದಳು. ಗಂಭೀರವಾಗಿಯೇ ಹೇಳಲು ಹೊರಟಿದ್ದಳು, ಕೊನೆಯ ಮಾತಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದಕ್ಕೆ ನಾನೂ ನಕ್ಕೆ. ಜೀವ ಹೋಗುವಷ್ಟು ಹೆದರಿಕೆಯಲ್ಲಿ ಆ ನಗು ಎಲ್ಲಿಂದ ಬಂತೋ, ದೇವರೇ ಬಲ್ಲ.

ವಿತೋರಣ್ಣ ಹೊರಗೆ ನನ್ನ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡೆ. "ನನ್ನ ಮನೆಯಲ್ಲಿ ಚಪಾತಿ ಈಗಲೂ ಉಬ್ಬುತ್ತದೆ, ದುಲ್ಸಿನ್" ಎಂದ. "ಅದು ಅವಳದ್ದೇ, ಸತ್ತವಳದ್ದು. ಅವತ್ತಿನ ಹಿಟ್ಟಿನಲ್ಲಿ ಅರ್ಧ ಅವಳದ್ದು, ಅರ್ಧ ನಿನ್ನದು ಅಂತ ಗ್ರಹಿಸಿದ್ದೆ. ನಿನ್ನದು ಇಲ್ಲಾಂದ್ರೂ ಅಡ್ಡಿಯಿಲ್ಲ. ಅಂಗಿ ಹೇಗೂ ಹೊಲಿಸಿ ಆಯ್ತು." ನನಗೆ ಅಳು ಬಂತು. ಅವನನ್ನು ಅಷ್ಟು ದಿನ ಆಸೆಯಲ್ಲಿ ಇಟ್ಟದ್ದು ನನ್ನ ತಪ್ಪು, ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಫಾದರ್ ಬಲ್ತಜಾರ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಒಳ್ಳೆಯ ಮನುಷ್ಯ, ಅರವತ್ತರ ಹತ್ತಿರ, ಯಾರ ಮೇಲೂ ಗಂಟಲು ಏರಿಸಿದವರಲ್ಲ. ಧರ್ಮೋಪದೇಶದ ಪುಸ್ತಕ ತೆರೆದಿಟ್ಟುಕೊಂಡಿದ್ದರು. "ಇಂಥ ಒಲವು ಇರುವುದೇ ಪಾಪ ಅಂತ ಧರ್ಮಸಭೆ ಹೇಳುವುದಿಲ್ಲ" ಎಂದರು. "ನಿಮ್ಮನ್ನು ಗೌರವದಿಂದ, ಕನಿಕರದಿಂದ ಕಾಣಬೇಕು ಅಂತ ಇಲ್ಲೇ ಉಂಟು. ಆದ್ರೆ ಜೊತೆಯಾಗಿ ಬಾಳುವ ಹಾಗಿಲ್ಲ. ಬ್ರಹ್ಮಚರ್ಯದಲ್ಲಿ ಇರ್ಬೇಕು."

"ಗೌರವ ಕೊಡಿ ಫಾದರ್, ತಕ್ಕೊಳ್ತೇವೆ" ಎಂದಳು ರುಫೀನಾ. "ಕನಿಕರ ವಿತೋರಣ್ಣನ ಅಂಗಿಗೆ ಇರ್ಲಿ. ಈ ಹಿಟ್ಟನ್ನು ಉಬ್ಬಿಸುವವ ಯಾರು? ದೇವರೇ ಅಲ್ವಾ? ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತ ಗಾದೆ ಉಂಟಲ್ಲ, ಹಾಗಾಯ್ತು."

"ಉಬ್ಬಿದ್ದೆಲ್ಲ ದೇವರದ್ದೇ ಅಂತ ಹೇಳಲಿಕ್ಕೆ ಬರುವುದಿಲ್ಲ ರುಫೀನಾ."

"ವಿತೋರಣ್ಣನ ಹೆಸರಿಗೆ ಉಬ್ಬಿದಾಗ ಬ್ಯಾಂಡ್ ಬಾರಿಸಿದ್ರಲ್ಲ."

ಫಾದರ್ ಪುಸ್ತಕ ಮುಚ್ಚಿ ನನ್ನನ್ನು ನೋಡಿದರು. "ಓಸ್ತಿಯ ಕೆಲಸ ಇನ್ನು ನಿನಗೆ ಬೇಡ. ಇವಳನ್ನು ಬಿಟ್ಟಿರ್ತೇನೆ ಅಂತ ಪಾಪನಿವೇದನೆಯಲ್ಲಿ ಹೇಳುವವರೆಗೆ ಪರಮಪ್ರಸಾದಕ್ಕೂ ಬರ್ಬೇಡ, ದುಲ್ಸಿನ್. ನನಗೆ ಬೇರೆ ದಾರಿ ಇಲ್ಲ." ಓಸ್ತಿಯ ಕೆಲಸ ಹೋದದ್ದಕ್ಕೆ ನಾನು ತಯಾರಿದ್ದೆ. ಎರಡನೆಯದಕ್ಕೆ ತಯಾರಿರಲಿಲ್ಲ. ನನ್ನನ್ನು ಊಟದ ಪಂಕ್ತಿಯಿಂದ ಎಬ್ಬಿಸಿದ ಹಾಗಾಯಿತು. ದೇವರು ನನ್ನನ್ನು ಬಿಟ್ಟಿದ್ದಾನೆ ಎಂದು ನನಗೆ ಒಂದು ಗಳಿಗೆಯೂ ಅನಿಸಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ದಾರಿಯುದ್ದಕ್ಕೂ ಅತ್ತೆ. ರುಫೀನಾ ನನ್ನ ಜೊತೆ ನಡೆದಳು. "ಬರುವ ಭಾನುವಾರ ಪೂಜೆಗೆ ಹೋಗುವಾ, ಬೆಂಚಿನಲ್ಲಿ ಕೂತಿರುವಾ. ಸೋಮವಾರ ದೋಣಿ ಹತ್ತುವಾ" ಎಂದಳು ಕೊನೆಗೆ. ನಾನು ಆಯ್ತು ಎಂದೆ. ಬೇರೆ ಏನು ಹೇಳಲಿ?

ಈಗ ಓಸ್ತಿ ಸುಡುವವರು ಬೇಕಲ್ಲ. ಗುರುವಾರ ಲಿಗೋರಿ ಗುರ್ಕಾರರು ಮೊಗಸಾಲೆಯಲ್ಲಿ ಊರವರನ್ನು ಸೇರಿಸಿ, ಯಾರ ಮೇಲೂ ಮನಸ್ಸಿಲ್ಲದ ಸಭ್ಯ ಹೆಂಗಸು ಯಾರಾದರೂ ಇದ್ದರೆ ಮುಂದೆ ಬರಬೇಕೆಂದು ಕರೆದರು. ಅದನ್ನು ಬಾಯಿಬಿಟ್ಟು ಒಪ್ಪುವವರು ಯಾರು? ಎಲ್ಲರೂ ಪಕ್ಕದವರ ಮುಖ ನೋಡಿದರು. ಆಗ ಸೆಲೆಸ್ತಿನಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಾನು ಮಾಡ್ತೇನೆ. ಮೂವತ್ತು ವರ್ಷದಿಂದ ಇವರಿಗೆ ಚಪಾತಿ ಮಾಡಿ ಹಾಕ್ತಿದ್ದೇನೆ, ಒಂದೇ ಒಂದು ಉಬ್ಬಿದ್ದಿಲ್ಲ."

ಮೊಗಸಾಲೆ ಸಿಡಿದುಹೋಯಿತು. ನಗೆಗೆ ಮಾಡಿನ ಮೇಲಿದ್ದ ಕಾಗೆಗಳು ಹಾರಿದವು. ಗುರ್ಕಾರರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ನಡಿ ಮನೆಗೆ" ಎಂದು ಅವಳ ಕೈ ಹಿಡಿದು ಎಳೆದುಕೊಂಡು ಹೋದರು. ಮೂವತ್ತು ವರ್ಷದಲ್ಲಿ ಅವರು ತನ್ನ ಕೈ ಹಿಡಿದು ದಾರಿಯಲ್ಲಿ ನಡೆದದ್ದು ಅದೇ ಮೊದಲು ಎಂದು ಸೆಲೆಸ್ತಿನಕ್ಕ ಆಮೇಲೆ ಎಲ್ಲರ ಹತ್ತಿರ ಹೇಳಿದಳು. ಕೊನೆಗೆ ಫಾದರ್, "ಗುರುವಿನ ಮನಸ್ಸು ದೇವರಿಗೆ ಕೊಟ್ಟದ್ದು. ನಾನೇ ಸುಡ್ತೇನೆ, ಇಕ್ಕಳ ಕಳುಹಿಸಿ" ಎಂದು ಹೇಳಿ ಮಾತು ಮುಗಿಸಿದರು.

ಶನಿವಾರ ಬೆಳಿಗ್ಗೆ, ಓಸ್ತಿಯ ಹಿಟ್ಟಿನ ಸೌಟೊಂದು ನನ್ನಲ್ಲೇ ಉಳಿದುಹೋಗಿತ್ತೆಂದು ಕೊಡಲು ಅವರ ಅಡುಗೆಮನೆಗೆ ಹೋದೆ. ಬಾಗಿಲು ಒಳಗಿನಿಂದ ಹಾಕಿತ್ತು. ಕರೆದರೆ, "ನಾಳೆ ಬಾ" ಎಂದರು. ಅಷ್ಟರಲ್ಲಿ ಬಾಗಿಲಿನ ಅಡಿಯಿಂದ ದುಂಡಗಿನ ಓಸ್ತಿಯೊಂದು ಉರುಳುತ್ತ ಬಂದು ನನ್ನ ಕಾಲಿಗೆ ಬಡಿಯಿತು. ನಿಂಬೆಹಣ್ಣಿನಷ್ಟಿತ್ತು. ಅದನ್ನು ಕೈಯಲ್ಲಿ ಹಿಡಿದು ಬಾಗಿಲು ತಟ್ಟಿದೆ. ಫಾದರ್ ತೆರೆದರು. ಮೊಣಕೈವರೆಗೆ ಹಿಟ್ಟು, ಹುಬ್ಬಿನ ಮೇಲೆ ಹಿಟ್ಟು. ಮೇಜು, ಕುರ್ಚಿ, ಕಿಟಕಿಯ ದಂಡೆ, ಎಲ್ಲ ಕಡೆ ಉಬ್ಬಿದ ಓಸ್ತಿಗಳು.

"ಇಕ್ಕಳ ಸರಿ ಇಲ್ಲ ಅಂತ ಕಾಣ್ತದೆ" ಎಂದರು.

"ಸರಿ ಉಂಟು ಫಾದರ್. ರುಫೀನಾ ಮಾಡಿದ ರಿಪೇರಿ."

"ಗೋಧಿಯಲ್ಲಿ ಏನೋ..."

"ಗೋಧಿಯೂ ಸರಿ ಉಂಟು."

ಅವರು ಸ್ಟೂಲಿನ ಮೇಲೆ ಕುಳಿತರು. ಅದರ ಮೇಲಿದ್ದ ಎರಡು ಓಸ್ತಿ ಅವರ ಅಡಿಯಲ್ಲಿ ಚರಕ್ಕೆಂದವು. ಯಾರು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. "ಗುರುವಾಗಲು ಓದುವಾಗ ಸೆಮಿನರಿಯಲ್ಲಿ ಒಬ್ಬ ಇದ್ದ. ಪಿಟೀಲು ಬಾರಿಸ್ತಿದ್ದ, ಕೆಟ್ಟದಾಗಿ. ನಾವು ಒಬ್ಬರನ್ನೊಬ್ಬರು ಮುಟ್ಟಿದವರೂ ಅಲ್ಲ. ಅವನು ಒಂದು ದಿಕ್ಕಿಗೆ ಹೋದ, ನಾನು ಇಲ್ಲಿಗೆ ಬಂದೆ. ಮೂವತ್ತನಾಲ್ಕು ವರ್ಷ ಹಿಟ್ಟು ಮುಟ್ಟಲಿಲ್ಲ ದುಲ್ಸಿನ್. ಅದು ಆರಿಹೋಗಿದೆ ಅಂತಲೇ ಗ್ರಹಿಸಿದ್ದೆ." ಸುತ್ತಲೂ ನೋಡಿದರು. "ನಾನೂರು!"

ಆ ನಾನೂರು ಎಂದ ರೀತಿಗೆ ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅವರು ನನ್ನನ್ನು ನೋಡಿ ತಾವೂ ನಗತೊಡಗಿದರು. ಹಿಟ್ಟು ಮೆತ್ತಿದ ಮುಖದ ಮೇಲೆ ಕಣ್ಣೀರು ಇಳಿದು ಎರಡು ಗೆರೆಯಾಗುವವರೆಗೆ ನಕ್ಕರು. ನಕ್ಕು ಮುಗಿದ ಮೇಲೆ ಬಹಳ ಹೊತ್ತು ಮುಖ ಮುಚ್ಚಿಕೊಂಡು ಕುಳಿತರು. ಆ ಮನುಷ್ಯ ಇಷ್ಟು ವರ್ಷ ಒಬ್ಬನೇ ಹೇಗಿದ್ದನೋ ಎಂದುಕೊಂಡೆ. ನನ್ನನ್ನು ಪಂಕ್ತಿಯಿಂದ ಎಬ್ಬಿಸಿದವರು ಅವರೇ ಎಂಬುದು ಮರೆತೇಹೋಯಿತು.

"ನಾನು ಸುಟ್ಟದ್ದು ಅಂತ ಹೇಳಿ ಫಾದರ್" ಎಂದೆ. "ನನ್ನ ಹೆಸರು ಹೇಗೂ ಕೆಟ್ಟಾಯ್ತು. ನನಗೆ ಇಕ್ಕಳ ಒಗ್ಗಲಿಲ್ಲ, ಅವಳಿಂದಲೇ ಮಾಡಿಸಿದೆ ಅನ್ನಿ. ಸೋಮವಾರ ನಾವು ದೋಣಿ ಹತ್ತುತ್ತೇವೆ. ಅಷ್ಟಕ್ಕೇ ಮುಗೀತದೆ."

ಅವರು ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಓಸ್ತಿಗಳನ್ನು ಬುಟ್ಟಿಗೆ ತುಂಬಿಸಿ, ಮೇಲೆ ಬಟ್ಟೆ ಕಟ್ಟಿ, ಅಲ್ಲೇ ಇಟ್ಟು ಮನೆಗೆ ಬಂದೆ.

ಭಾನುವಾರ ರುಫೀನಾಳೂ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆವು. ನಮ್ಮ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ, ಆಮೇಲೆ ವಿತೋರಣ್ಣ ಬಂದು ಹೊಸ ಅಂಗಿಯಲ್ಲಿ ಕುಳಿತ. ಕಾಣಿಕೆಯ ಹೊತ್ತಿಗೆ ಬುಟ್ಟಿಯನ್ನು ಪೀಠಕ್ಕೆ ಒಯ್ದು ಬಟ್ಟೆ ಬಿಚ್ಚಿದರು. ಉಬ್ಬಿದ ಓಸ್ತಿಗಳು ಗುಡ್ಡೆಯಾಗಿ ಎದ್ದವು, ನಾಲ್ಕಾರು ಕೆಳಗೆ ಉರುಳಿದವು. ಜನ ತಿರುಗಿ ನನ್ನನ್ನು ನೋಡಿದರು. ಲಿಗೋರಿ ಗುರ್ಕಾರರು ಎದ್ದು ನಿಂತರು.

"ಫಾದರ್, ನೀವೇ ಸುಡ್ತೇನೆ ಅಂದದ್ದಲ್ವಾ? ಇದು ಆ ಹೆಂಗಸಿನ ಕೈಯದ್ದು. ನಾವು ಇದನ್ನು ಮುಟ್ಟುವುದಿಲ್ಲ. ಹುಳಿ ಹಾಕಿದ ರೊಟ್ಟಿ ಪೂಜೆಗೆ ಆಗುವುದೂ ಇಲ್ಲ."

ನಾನು ತಲೆ ತಗ್ಗಿಸಿದೆ. ಹೂಂ ಎಂದುಬಿಡಿ ಫಾದರ್, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಹುಳಿ ಹಾಕಿಲ್ಲ ಗುರ್ಕಾರ್ರೇ" ಎಂದರು ಫಾದರ್. "ಬರೀ ಗೋಧಿ, ನೀರು. ನಿಯಮ ಕೇಳುವುದು ಅಷ್ಟೇ. ಉಬ್ಬಬಾರದು ಅಂತ ಎಲ್ಲಿಯೂ ಬರೆದಿಲ್ಲ, ನಿನ್ನೆ ಇಡೀ ದಿನ ಹುಡುಕಿದ್ದೇನೆ. ಮತ್ತೆ, ಇದು ದುಲ್ಸಿನ್ ಸುಟ್ಟದ್ದಲ್ಲ." ಎರಡೂ ಕೈ ಎತ್ತಿ ತೋರಿಸಿದರು. "ನಾನು ಸುಟ್ಟದ್ದು. ಎಲ್ಲವೂ ನನ್ನ ಕೈಯಲ್ಲೇ ಉಬ್ಬಿದ್ದು."

ಆ ಮಾತಿನ ಅರ್ಥ ನಮ್ಮೂರಿನ ಹಸುಗೂಸಿಗೂ ತಿಳಿಯುತ್ತದೆ. ಗುರ್ಕಾರರು ಬಾಯಿ ತೆರೆದವರು ಹಾಗೆಯೇ ಕುಳಿತರು. ಯಾರು ಎಂದು ಒಬ್ಬರೂ ಕೇಳಲಿಲ್ಲ. ನಮ್ಮೂರಿನಲ್ಲಿ ಆ ಪ್ರಶ್ನೆ ಬಾಯಿಗೆ ಬಂದೂ ಹೊರಬೀಳದೆ ಉಳಿದದ್ದು ಅದೊಂದು ದಿನ.

"ನನಗೆ ಎಲ್ಲ ಅರ್ಥವಾಗಿದೆ ಅಂತ ಹೇಳುವುದಿಲ್ಲ" ಎಂದರು ಫಾದರ್. "ಪುಸ್ತಕದಲ್ಲಿ ಇದ್ದದ್ದು ಹಾಗೇ ಉಂಟು. ನನ್ನ ಕೈಯನ್ನೂ ನಾನು ನೋಡಿಯಾಯ್ತು. ಇಂಥ ಕೈಯ ರೊಟ್ಟಿ ಬೇಡ ಅನ್ನುವವರು ಕೂತಿರಿ, ನನಗೆ ಬೇಸರ ಇಲ್ಲ. ಹಸಿವಾದವರು ಬನ್ನಿ. ನಾನು ಯಾರನ್ನೂ ಹಿಂದೆ ಕಳುಹಿಸುವುದಿಲ್ಲ."

ಪೂಜೆ ನಡೆಯಿತು. ಪ್ರಸಾದದ ಹೊತ್ತು ಬಂತು. ಯಾರೂ ಏಳಲಿಲ್ಲ. ಫಾದರ್ ಪಾತ್ರೆ ಹಿಡಿದು ಒಬ್ಬರೇ ನಿಂತಿದ್ದರು. ಮೊದಲು ಎದ್ದವಳು ಸೆಲೆಸ್ತಿನಕ್ಕ. ಗಂಡನ ಮೊಣಕಾಲು ದಾಟಿಕೊಂಡು ಹೋಗಿ ಬಾಯಿ ತೆರೆದಳು. ಕರಗಿಸಲು ನೋಡಿದಳು, ಕೆನ್ನೆ ಉಬ್ಬಿತು, ಕೊನೆಗೆ ಏನಾದರಾಗಲಿ ಎಂದು ಕಡಿದೇಬಿಟ್ಟಳು. ಕರುಂ ಎಂಬ ಶಬ್ದ ಇಗರ್ಜಿಯ ಮಾಡಿಗೆ ಮುಟ್ಟಿತು. ಒಬ್ಬರು ಕಿಸಕ್ಕೆಂದರು. ವಿತೋರಣ್ಣ ಹೋದ. ಕರುಂ. ಬ್ಯಾಂಡಿನವರು ಹೋದರು. ಕರುಂ ಕುರುಂ. ಸಾಲು ಬಾಗಿಲವರೆಗೆ ಬೆಳೆಯಿತು, ಇಡೀ ಇಗರ್ಜಿ ಹಪ್ಪಳ ತಿನ್ನುವ ಮದುವೆಮನೆಯಾಯಿತು. ಗುರ್ಕಾರರು ಕೊನೆಯವರೆಗೂ ಕುಳಿತೇ ಇದ್ದರು. ಅವರಿಗೆ ಅವರದೇ ಕಷ್ಟಗಳಿವೆ.

ನಾನು ಏಳಲಿಲ್ಲ. ಹಿಂದೆ ಕಳುಹಿಸುವುದಿಲ್ಲ ಎಂದರು, ನಿಜ, ಆದರೆ ಆ ದಿನ ಕೋಣೆಯಲ್ಲಿ ಬರಬೇಡ ಎಂದದ್ದೂ ಅದೇ ಬಾಯಿ. ನಾನು ಹೋಗಿ ನಿಂತಾಗ ಅವರ ಕೈ ಒಂದು ಗಳಿಗೆ ಹಿಂಜರಿದರೂ ಅದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಸಾಲು ಕರಗಿ, ಫಾದರ್ ಮತ್ತೆ ಒಬ್ಬರೇ ಉಳಿದರು. ಪಾತ್ರೆಯ ತಳ ನೋಡಿದರು, ತಲೆಯೆತ್ತಿ ನೇರ ನನ್ನನ್ನು ನೋಡಿದರು, ಪೀಠದ ಕಡೆ ತಿರುಗಲಿಲ್ಲ.

ರುಫೀನಾ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. "ಏಳು ಮಾರಾಯ್ತಿ, ಅವರ ಕೈ ಸೋಲ್ತದೆ."

ಎದ್ದೆ. ಅಷ್ಟು ಉದ್ದದ ಇಗರ್ಜಿ ನಮ್ಮೂರಿನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಹಿಂದೆ ರುಫೀನಾಳ ಚಪ್ಪಲಿಯ ಸದ್ದು ಬರುತ್ತಿತ್ತು. ಅವರೆದುರು ನಿಂತು ಮುಖವೆತ್ತಿದೆ. ಹೆದರಿಕೆಗೋ ಸಂತೋಷಕ್ಕೋ ನನಗೆ ಮತ್ತೆ ನಗು ಉಕ್ಕಿ ಬರುತ್ತಿತ್ತು, ತುಟಿ ಕಚ್ಚಿ ಹಿಡಿದುಕೊಂಡಿದ್ದೆ. ಅವರೂ ತುಟಿ ಕಚ್ಚಿ ಹಿಡಿದುಕೊಂಡಿದ್ದರು.

"ಕ್ರಿಸ್ತನ ಶರೀರ, ದುಲ್ಸಿನ್" ಎಂದರು. ಪ್ರಸಾದ ಕೊಡುವಾಗ ಹೆಸರು ಹೇಳುವ ಕ್ರಮವಿಲ್ಲ.

"ಆಮೆನ್" ಎಂದೆ.